ಒಣ ಹಂದರ

ಹೊಸ ತಾಡಪತ್ರಿಯ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿ ಕೊರಳ ಲಿಂಗಕ್ಕೆ ಹೋಗುತ್ತದೆ.

ಬರಗಾಲದ ಮೂರನೆಯ ವರ್ಷ, ಅಕ್ಕನ ಮದುವೆಯ ಹಿಂದಿನ ಮಧ್ಯಾಹ್ನ, ಉಮರ್ಗಾದ ನಮ್ಮ ಅಂಗಳದ ಹಂದರದ ಮೇಲೆ ಕರಿಮೋಡ ಕವಿಯಿತು. ಅಪ್ಪ ಹಂದರಕ್ಕೆ ಹೊದಿಸಲು ಹೊಸ ತಾಡಪತ್ರಿ ಬಿಚ್ಚಿದ. ಅಜ್ಜ ಅಡ್ಡ ನಿಂತ.

“ಮುಚ್ಚಬ್ಯಾಡ. ಬರೋ ಮಳಿಗಿ ಬಾಗಲಾ ಹಾಕತೀಯೇನು?”

“ಬೀಗರು ತೊಯ್ದ್ರ ಏನಂತಾರ‍್ರಿ ಮಾವಾರ?” ಅವ್ವ ಕೇಳಿದಳು.

“ತೊಯ್ಲಿ. ಊರೇ ತೊಯ್ಲಿ.”

ಮಳೆ ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಅರಿಸಿನ ಹಚ್ಚಿಕೊಂಡ ಅಕ್ಕ ಬಾಗಿಲಲ್ಲಿ ಸದ್ದಿಲ್ಲದೆ ಅಳುತ್ತಿದ್ದಳು. ನಾನು ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಬೇಡಿಕೊಂಡೆ: ಮಳಿ ಬ್ಯಾಡ.

ಮೋಡ ದೇವಣಿಯ ಕಡೆ ಸರಿದುಹೋಯಿತು. ಮಾರನೆಯ ದಿನ ಅಕ್ಷತೆಯ ಜೋಳ ಅಂಗಳದ ತುಂಬ ಬಿತ್ತು. ಅದರಲ್ಲೊಂದು ಕಾಳೂ ಮೊಳೆಯಲಿಲ್ಲ.

ಒಂದು ಹನಿಯೂ ಬೀಳದೆ ಮಳೆಗಾಲ ಕಳೆದ ಮೇಲೆ, ಮೂಲೆಯಲ್ಲಿ ಬಿದ್ದಿದ್ದ ತಾಡಪತ್ರಿ ಮಡಚುತ್ತ ಅಜ್ಜ ಕೇಳಿದ: “ಅವತ್ತ ಯಾರರೆ ಬ್ಯಾಡ ಅಂದ್ರೇನು?”

ಎಲ್ಲರಿಗಿಂತ ಮೊದಲು ನಾನೇ ಇಲ್ಲ ಎಂದೆ.