ಹಾರ್ನ್ ಇಲ್ಲದ ತಿರುವು

ಹೇಳಿದರೆ ಮಶೂದ್ ಏನೆನ್ನಬಹುದು? ಪ್ರಾಜೆಕ್ಟ್ ಮುಗಿಯಿತು ಎಂದರೆ, ತಿರುವೂ ಮುಗಿಯಿತಾ ಎಂದು ಕೇಳಿಯಾನು. ಅವನ ರಿಕ್ಷಾದ ಹಿಂದಿನ ಸೀಟಿನಲ್ಲಿ ಉಲ್ಲಾಸ್ ಮಡಿಲಿನ ಚೀಲವನ್ನು ಇನ್ನಷ್ಟು ಅವುಚಿಕೊಂಡ. ಆಚೆಯಿಂದ ಬರುವವರು ಕಾಣದ ಮರ್ಕಂಜ ರಸ್ತೆಯ ತಿರುವಿನ ಎರಡೂ ಬದಿಯಿಂದ ಬೆಳಿಗ್ಗೆ ತಾನೇ ಬಿಚ್ಚಿದ ಸೆನ್ಸರುಗಳು ಅದರಲ್ಲಿದ್ದವು. ಎದುರಿನಿಂದ ವಾಹನ ಬಂದರೆ ಕಂಬದ ಕೆಂಪು ದೀಪವನ್ನು ಉರಿಸುತ್ತಿದ್ದುದು ಅವೇ. ವಿಶ್ವವಿದ್ಯಾಲಯದ ಸಂಶೋಧನೆಗೆ ಬೇಕಾದ ಅಂಕಿಅಂಶ ಸಿಕ್ಕಿತ್ತು. ಸೆನ್ಸರುಗಳನ್ನು ವಾಪಸ್ ತರಲು ಗೈಡ್ ಹೇಳಿದ್ದರು. ಕಂಬವನ್ನೂ ದೀಪವನ್ನೂ ಕೀಳಿಸಲು ಅನುದಾನ ಉಳಿದಿರಲಿಲ್ಲ.

ಸೆನ್ಸರು ಬಿಚ್ಚಲು ಎರವಲು ತಂದಿದ್ದ ಏಣಿಯನ್ನು ಹಿಂದಿರುಗಿಸಿ ಮರ್ಕಂಜದಿಂದ ಸುಳ್ಯಕ್ಕೆ ಬರುವಾಗ ಅದೇ ತಿರುವು ಎದುರಾಯಿತು. ದೀಪ ಉರಿಯುತ್ತಿರಲಿಲ್ಲ. ಮಶೂದ್ ವೇಗ ಇಳಿಸಲಿಲ್ಲ, ಹಾರ್ನ್ ಹಾಕಲಿಲ್ಲ. ಉಲ್ಲಾಸನ ಕೈ ತಾನಾಗಿ ಅವನ ಹೆಗಲ ಮೇಲಿಂದ ಚಾಚಿ ಹಾರ್ನಿನ ಗುಂಡಿ ಒತ್ತಿತು.

“ಎಂತ ಸರ್, ನಿಮ್ಮ ಲೈಟಿನ ಮೇಲೆ ನಿಮಗೇ ನಂಬಿಕೆ ಇಲ್ವಾ?” ಮಶೂದ್ ನಗುತ್ತ ಆ ಕೈಯನ್ನು ಸರಿಸಿದ. “ಲೈಟ್ ಇಲ್ಲ ಅಂದ್ರೆ ಆಚೆಯಿಂದ ಯಾರೂ ಇಲ್ಲ. ನೀವೇ ಹೇಳಿ ಕೊಟ್ಟದ್ದಲ್ವಾ ಮಾರಾಯ್ರೆ! ಈಗ ಇಲ್ಲಿ ಹಾರ್ನ್ ಹಾಕುದು ಹೊಸಬರು ಮಾತ್ರ.” ತಿರುವಿನಾಚೆ ರಸ್ತೆ ಖಾಲಿಯಿತ್ತು. “ನೋಡಿದ್ರಾ?” ಎಂದ.

ಸುಳ್ಯದಲ್ಲಿ ಉಲ್ಲಾಸನನ್ನು ಇಳಿಸಿ, “ಬರ್ತೇನೆ ಸರ್, ಶಾಲೆ ಮಕ್ಕಳನ್ನು ಮರ್ಕಂಜಕ್ಕೆ ಬಿಡ್ಲಿಕ್ಕುಂಟು” ಎಂದು ಮಶೂದ್ ರಿಕ್ಷಾ ತಿರುಗಿಸಿದ. ತಡೆಯಲೆಂದು ಉಲ್ಲಾಸ್ ಕೈ ಎತ್ತಿದ. ಮಶೂದನೂ ಕೈ ಬೀಸಿ ಹೊರಟ. ಆ ದೀಪ ಇನ್ನು ಯಾವತ್ತೂ ಉರಿಯುವುದಿಲ್ಲ ಎಂದು ಉಲ್ಲಾಸ್ ಅವನಿಗೆ ಹೇಳಲೇ ಇಲ್ಲ.