ಒಂಟಿ ಸೀನು

ಕೋಟೆಪೇಟೆಯ ಬೀದಿಯಲ್ಲಿ ಅರಣ್ಯ ಇಲಾಖೆಯವರು ಹೊಸ ಜಾತಿಯ ಮರ ನೆಟ್ಟಾಗಿನಿಂದ ಹನ್ನೆರಡು ತಿಂಗಳೂ ಹೂವು, ಹನ್ನೆರಡು ತಿಂಗಳೂ ಹಳದಿ ಪುಡಿ. ಚನ್ನಾಜಮ್ಮ ಬೆಳಗೆದ್ದು ಇಲಾಖೆಯ ಮಾತ್ರೆ ನುಂಗಬೇಕು, ಉಪ್ಪುನೀರಲ್ಲಿ ಮೂಗು ತೊಳೆಯಬೇಕು, ಒಗೆದ ಸೀರೆಯನ್ನು ಕತ್ತಲೆ ಕೋಣೆಯಲ್ಲೇ ಒಣಗಿಸಬೇಕು. ಬೀದಿಯವರೆಲ್ಲರ ಪಾಡೂ ಇದೇ. ಮಾತ್ರೆಯ ದೆಸೆಯಿಂದ ಅಲ್ಲಿ ಯಾರಾದರೂ ಸೀನಿದ್ದು ಕೇಳಿ ವರ್ಷಗಳಾಗಿದ್ದವು.

ಇವತ್ತು ಇಲಾಖೆಯ ಸಾಹೇಬ ರುದ್ರಪ್ರಸಾದ್ ದೂರು ಕೇಳಲು ಅವಳ ಮನೆಗೇ ಬಂದು ಕೂತಿದ್ದ. ತನ್ನ ಅವಸ್ಥೆ ಅವನೂ ನೋಡಲಿ ಎಂದು ಚನ್ನಾಜಮ್ಮ ಬೇಕೆಂದೇ ಮಾತ್ರೆ ನುಂಗಿರಲಿಲ್ಲ. ಅವಳ ಕಣ್ಣು ಕೆಂಡವಾಗಿತ್ತು.

“ಒಂದು ಮಾತ್ರೆ ತಾನೇ ಅಮ್ಮ? ಅಭ್ಯಾಸ ಆಗೋಗುತ್ತೆ.”

“ನಿಮ್ಮನೆ ಮುಂದೆ ಯಾವ ಮರ ಐತೆ ಸಾಮಿ?”

“ಬೇವು,” ಎಂದು ಸಾಹೇಬ ಗಡಿಯಾರ ನೋಡಿಕೊಂಡ. “ಪಕ್ಕದ ಬೀದೀಲೂ ಇದೇ ಮರ ನೆಡೋ ಪೂಜೆ ಇದೆ. ಮುಹೂರ್ತ ಮೀರುತ್ತೆ, ಬರ್ತೀನಿ.”

ಚನ್ನಾಜಮ್ಮನ ಮೈಯೆಲ್ಲ ಉರಿಯಿತು. ಸಾಹೇಬ ಹೊಸ್ತಿಲು ದಾಟಲು ಕಾಲೆತ್ತಿದ, ಅವಳು ಸೀನಿದಳು. ಒಂದೇ ಸೀನು.

ಎತ್ತಿದ ಕಾಲನ್ನು ಅವನು ಹಿಂದಕ್ಕೆಳೆದುಕೊಂಡ. ಶುಭಕಾರ್ಯಕ್ಕೆ ಹೊರಟಾಗ ಒಂಟಿ ಸೀನು! ಇನ್ನೊಂದು ಬಿದ್ದರಷ್ಟೇ ದೋಷ ಕಳೆಯುವುದು. ಅವನು ಬಂದು ಮತ್ತೆ ಕುರ್ಚಿಯಲ್ಲಿ ಕುಸಿದ.

“ಇನ್ನೊಂದು ಸೀನಿಬಿಡಿ ಅಮ್ಮ, ಹೊತ್ತಾಗ್ತಿದೆ.”

ಎರಡನೆಯದು ಅವಳ ಮೂಗಿನ ತುದಿಗೇ ಬಂದಿತ್ತು. ಚನ್ನಾಜಮ್ಮ ಸೆರಗಿನಿಂದ ಮೂಗು ಬಿಗಿಹಿಡಿದು ಅದನ್ನು ಅದುಮಿದಳು. ಗೂಡಿನಲ್ಲಿದ್ದ ಮಾತ್ರೆ ತೆಗೆದು, ಅವನ ಎದುರೇ ಬಾಯಿಗೆ ಹಾಕಿಕೊಂಡು ನೀರು ಕುಡಿದಳು.

“ಒಂದು ಮಾತ್ರೆ ತಾನೇ ಸಾಮಿ? ಇನ್ನು ನಾಳೆಗಂಟ ಸೀನು ಬರಾಕಿಲ್ಲ. ಕೂತಿರಿ.”