ಖಾಲಿ ಗ್ಯಾಲರಿಯ ಪೆನಾಲ್ಟಿ

ಆ ಊರಿನ ಫುಟ್‌ಬಾಲ್ ಕ್ಲಬ್ಬಿನ ವಿರುದ್ಧ ವಿಸಿಲ್ ಊದಲು ರೆಫರಿ ಅಂತೋಣಪ್ಪನಿಗೆ ಹನ್ನೆರಡು ವರ್ಷದಿಂದ ಧೈರ್ಯ ಬಂದಿರಲಿಲ್ಲ. ಅಲ್ಲಿನ ಜನ ಕೂಗಿದರೆ ಮೋಡಗಳೇ ದಾರಿ ಬದಲಿಸುತ್ತಿದ್ದವು. ಹೋದ ವಾರದ ಗಲಾಟೆಯಿಂದಾಗಿ ಇಂದು ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಗ್ಯಾಲರಿಯಲ್ಲಿ ಒಂದು ಕಾಗೆಯೂ ಇಲ್ಲ.

ಕೊನೆಯ ನಿಮಿಷ, ಸ್ಕೋರ್ ಸಮ. ಗೋಲಿನೆದುರೇ ಊರಿನ ಆಟಗಾರ ಎದುರಾಳಿಯ ಕಾಲಿಗೆ ಒದ್ದ. ಅಂತೋಣಪ್ಪ ಎದೆಯುಬ್ಬಿಸಿ ವಿಸಿಲ್ ಊದಿದ.

"ಪೆನಾಲ್ಟಿ!"

ಊರಿನ ತಂಡದವರು ಯಾರೂ ಜಗಳಕ್ಕೆ ಬರಲಿಲ್ಲ. ಪೆನಾಲ್ಟಿ ಸಿಕ್ಕ ತಂಡದ ಕ್ಯಾಪ್ಟನ್ನೇ ಓಡಿ ಬಂದು ಕೈ ಮುಗಿದ.

"ದಮ್ಮಯ್ಯ ಸಾರ್, ವಾಪಸ್ ತಗೊಳ್ಳಿ."

"ಯಾಕಪ್ಪಾ? ನ್ಯಾಯವಾಗಿ ನಿಮ್ದೇ. ಇವತ್ತು ಕೂಗೋಕೆ ಇಲ್ಲಿ ಯಾರವ್ರೆ?"

"ಇಲ್ಲಿ ಯಾರೂ ಇಲ್ಲ ಸಾರ್. ಇಡೀ ಊರೇ ಗೇಟಿನಾಚೆ ಮೊಬೈಲಲ್ಲಿ ಮ್ಯಾಚ್ ನೋಡ್ತಾ ನಿಂತೈತೆ. ಇರೋದು ಒಂದೇ ಗೇಟು. ನಮ್ ಬಸ್ಸೂ, ನಿಮ್ ಸ್ಕೂಟ್ರೂ ಅಲ್ಲಿಂದ್ಲೇ ಹೋಗ್ಬೇಕು."